ಶುಕ್ರವಾರದ ಪಾತ್ರೆ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಮೈಸೂರಿನಲ್ಲಿ ಅಮ್ಮ ಹಾಗೆ ಹೇಳುತ್ತಿದ್ದಳು, ಈಗ ಅಮೆರಿಕದ ವಾರೆನ್‌ನಲ್ಲಿ ಗಂಡ ವಿವೇಕ ಹೇಳುತ್ತಾನೆ. ಇಬ್ಬರಿಗೂ ನಾನು ಕೊಡುತ್ತಿದ್ದ ಉತ್ತರ ಒಂದೇ: ಬೇಗ ಬರುತ್ತದೆ, ಬೇಗ ಹೋಗುತ್ತದೆ, ಅದರಿಂದ ಯಾರ ಗಂಟೇನು ಹೋಯಿತು? ಈ ಮಾರ್ಚ್ ತಿಂಗಳವರೆಗೂ ಆ ಉತ್ತರ ನಡೆಯಿತು.

ನನ್ನ ಕೆಲಸವೂ ಸ್ವಭಾವಕ್ಕೆ ತಕ್ಕುದೇ. ಲಿವೋನಿಯಾದಲ್ಲಿ ಕಾರಿನ ಬಿಡಿಭಾಗ ಮಾಡುವ ಒಂದು ಕಂಪನಿಯಲ್ಲಿ ಕ್ವಾಲಿಟಿ ಎಂಜಿನಿಯರ್. ಬಂದ ಮಾಲಿನಲ್ಲಿ ತಪ್ಪು ಹುಡುಕಿದರೆ ಸಂಬಳ, ಹುಡುಕದಿದ್ದರೆ ಬೈಗುಳ. ಹದಿನೆಂಟು ವರ್ಷ ಇದನ್ನೇ ಮಾಡಿದವಳ ಕಣ್ಣು ಮನೆಯಲ್ಲೂ ಮೊದಲು ಹೋಗುವುದು ತಪ್ಪಿನ ಕಡೆಗೆ.

ನಮ್ಮ ಪಕ್ಕದ ಮನೆ ಹಲೀನಾಳದು. ಎಂಬತ್ತು ದಾಟಿದ ಉಕ್ರೇನಿನ ಹೆಂಗಸು. ವಯಸ್ಸು ಐವತ್ತರ ಹತ್ತಿರ ಬಂದಾಗ ಗಂಡ ಮತ್ತು ಮಗಳ ಜೊತೆ ಈ ದೇಶಕ್ಕೆ ಬಂದು, ಒಂದು ಬೇಕರಿಯಲ್ಲಿ ಇಪ್ಪತ್ತು ವರ್ಷ ಹಿಟ್ಟು ನಾದಿದವಳು. ಗಂಡ ತೀರಿಕೊಂಡಿದ್ದ, ಮಗಳು ಒಕ್ಸಾನಾ ಇಲಿನಾಯ್‌ನ ಪ್ಲೇನ್‌ಫೀಲ್ಡ್‌ನಲ್ಲಿದ್ದಳು. ಹಲೀನಾಳಿಗೆ ಬರುವ ಇಂಗ್ಲಿಷ್ ಅಷ್ಟಕ್ಕಷ್ಟೆ. ನನ್ನ ಅತ್ತೆ ಶಿವಲಿಂಗಮ್ಮನವರಿಗೆ ಅದೂ ಬರುವುದಿಲ್ಲ. ಅವರದು ಗದಗದ ಕಡೆಯ ಕನ್ನಡ, ಮೈಸೂರಿನವಳಾದ ನನಗೇ ಮೊದಲ ವರ್ಷ ಅರ್ಧ ಅರ್ಥವಾಗುತ್ತಿರಲಿಲ್ಲ. ಅಂಥ ಇಬ್ಬರು ಮುದುಕಿಯರು ಒಂಬತ್ತು ವರ್ಷ ಜೀವದ ಗೆಳತಿಯರಾಗಿದ್ದರು. ಅವಳು ಅವಳ ಭಾಷೆಯಲ್ಲಿ ಮಾತಾಡುತ್ತಿದ್ದಳು, ಇವರು ಇವರ ಭಾಷೆಯಲ್ಲಿ. ಜಗಳವೇ ಆಗದಿರುವುದಕ್ಕೆ ಅದೇ ಕಾರಣವೆಂದು ನಾನು ರೇಗಿಸುತ್ತಿದ್ದೆ.

ಗೆಳೆತನ ಶುರುವಾಗಿದ್ದು ಹಿತ್ತಲಿನ ಬೇಲಿಯ ಹತ್ತಿರ. ಹಲೀನಾ ಬೀಟ್‌ರೂಟ್ ಕೀಳುತ್ತಿದ್ದಳಂತೆ, ಪಕ್ಕದ ಪಾತಿಯಲ್ಲಿ ಸಬ್ಬಸಿಗೆ ಸೊಪ್ಪು ಎದೆಮಟ್ಟ ಬೆಳೆದಿತ್ತಂತೆ. ಅಮೆರಿಕಕ್ಕೆ ಬಂದು ತಿಂಗಳಾಗಿದ್ದ ಅತ್ತೆ ಬೇಲಿಯಾಚೆ ಕೈ ಚಾಚಿ ಒಂದು ಎಸಳು ಕಿತ್ತು ಮೂಸಿ ಅತ್ತುಬಿಟ್ಟರು. ಹಲೀನಾ ಒಂದು ಕಂತೆಯನ್ನೇ ಕಿತ್ತುಕೊಟ್ಟಳು. ಮರುವಾರ ಒಂದು ಬಟ್ಟಲು ಕೆಂಪು ಸೂಪು ಹಿಡಿದು ನಮ್ಮ ಬಾಗಿಲಿಗೆ ಬಂದಳು. ಅದರ ಹೆಸರು ಬೋರ್ಶ್ ಎಂದಳು. ನಾನು ಬಾಗಿಲಲ್ಲೇ ತಡೆದು ಇದರಲ್ಲಿ ಏನಿದೆ ಎಂದು ಕೇಳಿದೆ. ಅವಳು ನಕ್ಕು, ಹಂದಿಯ ಕೂಗನ್ನು ಅಣಕಿಸಿ ತೋರಿಸಿದಳು.

ಅತ್ತೆ ಎದೆಯ ಮೇಲೆ ಲಿಂಗ ಧರಿಸಿದವರು. ಬೇಜಾರು ಮಾಡಿಕೊಳ್ಳದೆ ಹಾಳೆ ತರಿಸಿಕೊಂಡು ಊಟದ ಮೇಜಿನ ಮುಂದೆ ಕೂತು ಚಿತ್ರ ಬರೆದರು. ಒಂದು ಹಂದಿ, ಅದರ ಮೇಲೆ ಅಡ್ಡಗೆರೆ. ಒಂದು ಕೋಳಿ, ಅಡ್ಡಗೆರೆ. ಇನ್ನೂ ಏನೇನೋ ಬರೆಯುತ್ತಿದ್ದರು, ನಾನು ಕುಕ್ಕರ್ ಕೂಗಿತೆಂದು ಎದ್ದುಹೋದೆ. ಹಾಳೆಯನ್ನು ಹಲೀನಾಳ ಕೈಗೆ ಕೊಟ್ಟು ಕೈಮುಗಿದರು. ಅವಳು ಓದಿದಂತೆ ನೋಡಿ ತಲೆಯಾಡಿಸಿ, "ಫ್ರೈಡೇ" ಎಂದಳು. ಶುಕ್ರವಾರ ಅವಳ ಚರ್ಚಿನವರು ಮಾಂಸ ತಿನ್ನುವುದಿಲ್ಲ.

ಅಂದಿನಿಂದ ಶುಕ್ರವಾರ ಹನ್ನೊಂದು ಗಂಟೆಗೆ ಅತ್ತೆ ಆ ಮನೆಯಲ್ಲಿ. ರಜೆ ಇದ್ದಾಗ ನಾನೂ. ಬಟ್ಟಲು ಎದುರಿಗೆ ಬಂದರೆ ಅತ್ತೆ ಅದನ್ನು ಲಿಂಗಕ್ಕೆ ತೋರಿಸಿ, ಕಣ್ಣುಮುಚ್ಚಿ, ಆಮೇಲೆ ಚಮಚ ಮುಟ್ಟುತ್ತಿದ್ದರು. ಹಲೀನಾ ಅಲ್ಲಿಯವರೆಗೆ ತಾನೂ ಕಾಯುತ್ತಿದ್ದಳು. ಅತ್ತೆಯನ್ನು ಅವಳು ಕರೆಯುತ್ತಿದ್ದುದು ಶಿವಾ ಎಂದು.

ಈ ಜನವರಿಯಲ್ಲಿ ಹಲೀನಾ ಮನೆಯ ಮುಂದಿನ ಹಿಮಗಟ್ಟಿದ ಮೆಟ್ಟಿಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಳು. ಆಪರೇಷನ್ ಆಯಿತು. ಒಕ್ಸಾನಾ ಬಂದು ತಾಯಿಯನ್ನು ಪ್ಲೇನ್‌ಫೀಲ್ಡ್‌ಗೆ ಕರೆದುಕೊಂಡು ಹೋದಳು, ಮನೆಯ ಬೀಗದ ಕೈ ನನ್ನ ಕೈಗೆ ಬಂತು. ಶುಕ್ರವಾರಗಳು ಫೋನಿಗೆ ಹೋದವು. ನಮಗೆ ಹನ್ನೊಂದು, ಅವರಿಗೆ ಹತ್ತು. ವೀಡಿಯೊದಲ್ಲಿ ಇಬ್ಬರೂ ಹತ್ತು ನಿಮಿಷ ತಮ್ಮತಮ್ಮ ಭಾಷೆಯಲ್ಲಿ ಹರಟಿ ಕೈಬೀಸುತ್ತಿದ್ದರು.

ಫೆಬ್ರವರಿ ಮೊದಲ ವಾರ ಒಕ್ಸಾನಾ ನನಗೆ ಬೇರೆಯಾಗಿ ಫೋನ್ ಮಾಡಿದಳು. ದನಿ ಕುಗ್ಗಿತ್ತು.

"ಅಮ್ಮ ತಿಂತಾ ಇಲ್ಲ, ಶರಣ್ಯಾ. ಹದಿನಾಲ್ಕು ಪೌಂಡ್ ಇಳಿದಿದಾಳೆ. ಡಾಕ್ಟರು ಹೀಗೇ ಆದರೆ ಕಷ್ಟ ಅಂತಾರೆ. ಬೋರ್ಶ್ ಕೇಳ್ತಾಳೆ. ನಾನು ಮೂಳೆ ಹಾಕಿ ನಮ್ಮ ಭಾನುವಾರದ ಬೋರ್ಶ್ ಮಾಡಿದೆ, ಒಂದು ಚಮಚ ತಗೊಂಡು ಬಟ್ಟಲು ತಳ್ಳಿದಳು. ಶುಕ್ರವಾರದ್ದು ಬೇಕಂತೆ. ನಾನು ಹದಿನೆಂಟಕ್ಕೇ ಮನೆ ಬಿಟ್ಟವಳು, ಆ ಶುಕ್ರವಾರದ್ದು ನನಗೆ ಗೊತ್ತೇ ಇಲ್ಲ. ಅಮ್ಮನಿಗೆ ಕೇಳಿದರೆ ಸುಮ್ಮನೆ ಶಿವಾ, ಶಿವಾ ಅಂತಾಳೆ. ನೀವು ಒಂಬತ್ತು ವರ್ಷ ತಿಂದಿದೀರಿ. ಹೇಗೆ ಮಾಡ್ತಿದ್ದಳು?"

"ಎಲ್ಲಾದರೂ ಬರೆದಿಟ್ಟಿರಬಹುದಲ್ಲ?"

"ನಮ್ಮಮ್ಮ ಜನ್ಮದಲ್ಲಿ ಒಂದು ಅಡುಗೆ ಬರೆದವಳಲ್ಲ. ಎರಡು ನಿಮಿಷಕ್ಕೊಮ್ಮೆ ಚಮಚ ಬಾಯಿಗಿಡ್ತಾಳೆ, ನಾಲಿಗೆ ಹೇಳಿದ ಹಾಗೆ ಹಾಕ್ತಾಳೆ."

ನಾನು ಮಾಡಿ ತಂದುಕೊಡುತ್ತೇನೆ ಎಂದು ಮಾತು ಕೊಟ್ಟುಬಿಟ್ಟೆ. ತಿಂದವಳಿಗೆ ಮಾಡುವುದು ಯಾವ ದೊಡ್ಡ ವಿದ್ಯೆ?

ಮೊದಲನೆಯದು ನಮ್ಮ ಸಾರಿನ ದಾರಿಯಲ್ಲೇ ಹೋಯಿತು. ಬೀಟ್‌ರೂಟ್, ಆಲೂಗಡ್ಡೆ, ಎಲೆಕೋಸು ಬೇಯಿಸಿದೆ. ಕುದಿಸಿದರೆ ನಿಂಬೆರಸ ಕಹಿಯಾಗುತ್ತದೆಂದು ಒಲೆ ಆರಿಸಿದ ಮೇಲೆ ಹಿಂಡಿದೆ. ಅಷ್ಟರಲ್ಲಿ ಕೆಂಪೆಲ್ಲ ಸತ್ತು ಇಟ್ಟಿಗೆಪುಡಿ ಕಲಸಿದ ನೀರಿನಂತಾಗಿತ್ತು. ಕೈ ಸುಮ್ಮನಿರದೆ ಜೀರಿಗೆ ಒಗ್ಗರಣೆ ಬೇರೆ ಹಾಕಿದ್ದೆ. ಅತ್ತೆ ಒಂದು ಗುಟುಕು ಕುಡಿದು, "ಚೊಲೋ ಸಾರು ಆಗೇತಿ, ಅನ್ನಕ್ಕ ಹಾಕ್ಕೊಂಡು ಉಣ್ಣೂಣು," ಎಂದರು. "ಆದ್ರ ಅದಲ್ಲವಾ ಇದು."

ಎರಡನೆಯದಕ್ಕೆ ಇಂಟರ್‌ನೆಟ್ಟಿನ ಒಬ್ಬ ಹೆಂಗಸನ್ನು ಗುರುವಾಗಿ ಮಾಡಿಕೊಂಡೆ. ಬೀಟ್‌ರೂಟ್ ತುರಿದು, ಎಣ್ಣೆಯಲ್ಲಿ ಬಾಡಿಸುವಾಗಲೇ ವಿನೆಗರ್ ಹಾಕಬೇಕು, ಹುಳಿ ಮೊದಲು ಬಿದ್ದರೆ ಬಣ್ಣ ಓಡಿಹೋಗುವುದಿಲ್ಲ ಎಂದಳು. ಬಿಳಿ ಹುರುಳಿಕಾಯಿ ಬೀಜ, ಬೆಳ್ಳುಳ್ಳಿ, ಕೊನೆಗೆ ಸಬ್ಬಸಿಗೆ. ಪ್ರತಿ ಹೆಜ್ಜೆಗೂ ರುಚಿ ನೋಡಿ, ರುಚಿ ನೋಡಿ ಎನ್ನುತ್ತಿದ್ದಳು. ನಮ್ಮ ಮನೆಯಲ್ಲಿ ಅದು ಆಗದ ಮಾತು. ಲಿಂಗಕ್ಕೆ ಅರ್ಪಿಸುವ ಮೊದಲು ಅಡುಗೆಯ ಒಂದು ಹನಿಯೂ ಬಾಯಿಗೆ ಹೋಗುವಂತಿಲ್ಲ, ಹೋದರೆ ಪಾತ್ರೆಯೆಲ್ಲ ಎಂಜಲು. ಅಂದಾಜಿನ ಮೇಲೆ ಮಾಡಿದೆ. ಬಣ್ಣ ಕಣ್ಣು ಕುಕ್ಕುವಂತೆ ಬಂತು. ಅತ್ತೆ ಚಪ್ಪರಿಸಿ ತಲೆ ಅಲ್ಲಾಡಿಸಿದರು. "ಬಣ್ಣ ಬಂತು, ತಳ ಇಲ್ಲ. ಆಕಿದ್ರಾಗ ತಳದಾಗ ಒಂದು ಘಮಾ ಇರ್ತಿತ್ತು ನೋಡು, ನುಂಗಿದ ಮ್ಯಾಲೆ ಬರೂದು."

ಮೂರನೆಯದು ಪೋಲೆಂಡಿನವರ ರೀತಿ. ಬೀಟ್‌ರೂಟನ್ನು ಓವನ್ನಿನಲ್ಲಿ ನಾನೂರು ಡಿಗ್ರಿ ಫ್ಯಾರನ್‌ಹೀಟಿಗೆ ಒಂದು ಗಂಟೆ ಸುಟ್ಟು, ಸಿಪ್ಪೆ ತೆಗೆದು, ಕುದಿಸಿ ಸೋಸಿದರೆ ಬರೀ ತಿಳಿ. ಗಾಜಿನ ಲೋಟದಲ್ಲಿ ಮಾಣಿಕ್ಯದ ಹಾಗಿತ್ತು. ಅತ್ತೆಗೆ ನಗು ಬಂತು. "ಕಷಾಯ ಮಾಡೀದಿ. ನೆಗಡಿ ಬಂದ್ರ ಕೊಡು."

ಮೂರು ಸೋಲು ನನ್ನಂಥವಳಿಗೆ ಜೀರ್ಣವಾಗುವುದಿಲ್ಲ. ಆ ತಳದ ಘಮ ಏನೆಂದು ನನ್ನ ನಾಲಿಗೆಗೂ ನೆನಪಿತ್ತು, ಹೆಸರು ಮಾತ್ರ ಗೊತ್ತಿರಲಿಲ್ಲ. ಒಂದು ಶನಿವಾರ ಬೀಗದ ಕೈ ತೆಗೆದುಕೊಂಡು ಹಲೀನಾಳ ಮನೆಗೆ ಹೋದೆ. ಏನಾದರೂ ಮಸಾಲೆಯ ಡಬ್ಬಿ ಸಿಕ್ಕೀತೆಂದು ಕಪಾಟು ನೋಡಿದೆ, ಫ್ರಿಜ್ ನೋಡಿದೆ, ಫ್ರೀಜರ್ ತೆರೆದೆ. ಅಲ್ಲಿ ಎಂಟೋ ಹತ್ತೋ ಪ್ಲಾಸ್ಟಿಕ್ ಚೀಲಗಳು, ಒಳಗೆ ಮೂಳೆ. ಪ್ರತಿ ಚೀಲಕ್ಕೂ ಟೇಪು, ಟೇಪಿನ ಮೇಲೆ ಅವಳ ಅಕ್ಷರ. ಫೋನಿನ ಅನುವಾದದ ಆಪ್‌ನಲ್ಲಿ ಅದರ ಫೋಟೋ ತೆಗೆದೆ. ಅದು ಓದಿ ಹೇಳಿತು: ಹಂದಿಯ ಪಕ್ಕೆಲುಬು, ಬೋರ್ಶ್‌ಗೆ.

ಆ ಘಮಕ್ಕೆ ಹೆಸರು ಸಿಕ್ಕಿತು ಎಂದುಕೊಂಡೆ.

ಈಗ ಯೋಚಿಸಿದರೆ ನಗು ಬರಬೇಕು. ಹುಟ್ಟಿದಾಗಿನಿಂದ ಮಾಂಸದ ರುಚಿಯೇ ಗೊತ್ತಿಲ್ಲದವಳು ಇದು ಮಾಂಸದ ರುಚಿ ಎಂದು ತೀರ್ಪು ಕೊಟ್ಟೆ. ಆದರೆ ಅವತ್ತು ನನ್ನ ಹತ್ತಿರ ಬೇರೆ ಸಾಕ್ಷಿಗಳಿದ್ದವು. ಈ ದೇಶಕ್ಕೆ ಬಂದ ಮೊದಲ ವರ್ಷ ಒಂದು ಹೋಟೆಲಿನಲ್ಲಿ ತರಕಾರಿ ಸೂಪು ಕುಡಿದು ಮುಗಿಸಿದ ಮೇಲೆ ಕೇಳಿದ್ದೆ, ಇದರಲ್ಲಿ ಮಾಂಸ ಇಲ್ಲ ತಾನೆ? ಬಡಿಸಿದ ಹುಡುಗಿ ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು, ಮಾಂಸ ಏನೂ ಇಲ್ಲ, ಕೋಳಿ ಬೇಯಿಸಿದ ನೀರು ಅಷ್ಟೆ. ಇಲ್ಲಿ ನೀರು ಲೆಕ್ಕಕ್ಕಿಲ್ಲ. ಹಲೀನಾಳೂ ಮೂಳೆ ಬೇಯಿಸಿ, ತುಂಡು ತೆಗೆದು, ಶುಕ್ರವಾರದ ವ್ರತ ಕೆಡಲಿಲ್ಲ ಎಂದುಕೊಂಡು ಒಂಬತ್ತು ವರ್ಷ ಆ ನೀರನ್ನೇ ನಮಗೆ ಬಡಿಸಿದ್ದಾಳೆ. ಸಿಂಕಿನ ಮುಂದೆ ನಿಂತು ಬಾಯಿ ಮುಕ್ಕಳಿಸಿದೆ, ಒಂಬತ್ತು ವರ್ಷದ್ದು ಅದರಿಂದ ಹೋಗುವಂತೆ.

ರಾತ್ರಿ ಊಟಕ್ಕೆ ಮೊದಲು ವಿವೇಕನಿಗೆ ಹೇಳಿದೆ. "ಅವ್ವಗ ಹೇಳಬ್ಯಾಡ," ಎಂದ. "ಗೊತ್ತಿಲ್ದ ತಿಂದಿದ್ದು ದೋಷಲ್ಲ. ಗೊತ್ತಾದ್ರ ಈ ವಯಸ್ಸಿನ್ಯಾಗ ಕೊರಗ್ತಾಳ."

ಒಳ್ಳೆಯ ಮಾತು. ಆದರೆ ಮಾರನೆಯ ದಿನ ಅತ್ತೆ ಮಡಿಲಲ್ಲಿ ಬೀಟ್‌ರೂಟ್ ಇಟ್ಟುಕೊಂಡು, "ಇನ್ನೊಂದ್ಸಲ ನೋಡೂಣೇನವಾ? ಆಕಿ ಕಾಯಾಕತ್ತಾಳ," ಎಂದಾಗ ನನ್ನ ಬಾಯಿ ನನ್ನ ಕೈಯಲ್ಲಿರಲಿಲ್ಲ. ಎಲ್ಲ ಹೇಳಿಬಿಟ್ಟೆ. ಚೀಲದ ಫೋಟೋ ತೋರಿಸಿದೆ.

ಅತ್ತೆ ಫೋಟೋ ನೋಡಿದರು. "ನಾ ಆಕೀಗೆ ಚಿತ್ರ ಬರದು ಕೊಟ್ಟಿದ್ನೆಲ್ಲ," ಎಂದರು.

"ಚಿತ್ರ ನೋಡ್ಕೊಂಡು ಯಾರು ಅಡುಗೆ ಮಾಡ್ತಾರೆ ಅತ್ತೆ? ನಕ್ಕು ಮೂಲೆಗೆ ಎಸೆದಿರ್ತಾಳೆ."

"ಆಕಿ ಅಂಥಾಕಿ ಅಲ್ಲ."

"ಅಂಥವಳಲ್ಲ ಅಂತ ನಿಮಗೆ ಹೇಗೆ ಗೊತ್ತು? ಅವಳ ಒಂದು ಮಾತಾದರೂ ನಿಮಗೆ ಅರ್ಥವಾಗಿದೆಯಾ?"

ಅತ್ತೆ ಬೀಟ್‌ರೂಟನ್ನು ಬುಟ್ಟಿಗೆ ಹಾಕಿ ಎದ್ದರು. ಸ್ನಾನ ಮಾಡಿ ಪೂಜೆಗೆ ಕೂತವರು ಮಧ್ಯಾಹ್ನವಾದರೂ ಏಳಲಿಲ್ಲ. ಊರಿನ ಮಠದ ಬಸಯ್ಯನವರಿಗೆ ಫೋನ್ ಮಾಡಿಸಿಕೊಂಡು ಕೇಳಿದರು. ಅವರು, ತಿಳಿಯದೆ ಆದದ್ದು, ವಿಭೂತಿ ಧರಿಸಿ ನಾಮ ಜಪಿಸಿ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದರು. ಅತ್ತೆ ಎಲ್ಲ ಮಾಡಿದರು, ಮನಸ್ಸಿಗೆ ಹಚ್ಚಿಕೊಳ್ಳುವುದನ್ನೂ ಮಾಡಿದರು. ಪಕ್ಕದ ಮನೆ ಕಾಣುವ ಕಿಟಕಿಯ ಹತ್ತಿರವಿದ್ದ ತಮ್ಮ ಕುರ್ಚಿಯನ್ನು ತಾವೇ ಎಳೆದು ಗೋಡೆಯ ಕಡೆಗೆ ತಿರುಗಿಸಿದರು.

ಶುಕ್ರವಾರ ಹನ್ನೊಂದಕ್ಕೆ ಫೋನ್ ಬಂತು. ಅತ್ತೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಮಲಗಿದ್ದಾರೆ ಎಂದು ನಾನು ಒಕ್ಸಾನಾಳಿಗೆ ಸುಳ್ಳು ಹೇಳಿದೆ. ಬೋರ್ಶ್ ಏನಾಯಿತು ಎಂದು ಕೇಳಿದಳು. ಆಫೀಸಿನಲ್ಲಿ ಬಹಳ ಕೆಲಸ ಎಂದೆ. ಎರಡನೆಯ ಶುಕ್ರವಾರ ಫೋನ್ ಎತ್ತಲೇ ಇಲ್ಲ. ಮೂರನೆಯ ಶುಕ್ರವಾರ ಎರಡು ಸಲ ಬಾರಿಸಿ ನಿಂತಿತು. ಬೇಗ ಹೋಗುತ್ತದೆಂದು ನಾನು ಜಂಬ ಪಡುತ್ತಿದ್ದ ಸಿಟ್ಟು ಈ ಸಲ ಹೋಗಿರಲಿಲ್ಲ.

ಮಾರ್ಚ್ ಎರಡನೆಯ ವಾರ ಹಿಮ ಕರಗಿ, ಅದರ ಮೇಲೆ ಎರಡು ದಿನ ಮಳೆ ಹೊಡೆಯಿತು. ಒಕ್ಸಾನಾಳ ಮೆಸೇಜು ಬಂತು: ಬೇಸ್‌ಮೆಂಟಿಗೆ ನೀರು ನುಗ್ಗಿದೆಯೇ ಒಮ್ಮೆ ನೋಡುತ್ತೀರಾ, ದಯವಿಟ್ಟು. ಬೋರ್ಶ್ ವಿಷಯ ಇರಲಿಲ್ಲ. ಶನಿವಾರ ಬೆಳಿಗ್ಗೆ ಗೊಣಗಿಕೊಂಡೇ ಹೋದೆ. ಆ ಬೇಸ್‌ಮೆಂಟಿಗೆ ನಾನು ಯಾವತ್ತೂ ಇಳಿದಿರಲಿಲ್ಲ. ಬಟ್ಟೆ ಒಗೆಯುವ ಮೆಷಿನ್, ಹಳೆಯ ಸಾಮಾನು ಇರುತ್ತದೆಂದುಕೊಂಡಿದ್ದೆ. ಮಂಡಿನೋವಿನ ಅತ್ತೆಯಂತೂ ಆ ಮೆಟ್ಟಿಲ ಕಡೆ ತಲೆ ಹಾಕಿದವರಲ್ಲ.

ನೀರು ಬಂದಿರಲಿಲ್ಲ. ದೀಪ ಹಾಕಿದೆ. ಅಲ್ಲಿ ಇನ್ನೊಂದು ಅಡುಗೆಮನೆ ಇತ್ತು.

ಹಳೆಯ ಗ್ಯಾಸ್ ಒಲೆ, ಚಿಕ್ಕ ಸಿಂಕು, ಒಂದು ಶೆಲ್ಫು. ಶೆಲ್ಫಿನ ಮೇಲೆ ನೀಲಿ ಅಂಚಿನ ಬಿಳಿ ಎನಾಮಲ್ ಪಾತ್ರೆ, ಶುಕ್ರವಾರ ಮೇಜಿನ ಮೇಲೆ ನಾನು ನೋಡುತ್ತಿದ್ದದ್ದು ಅದೇ. ಅದರ ಹಿಡಿಗೆ ಕೆಂಪು ದಾರ ಕಟ್ಟಿತ್ತು. ಪಕ್ಕದ ಮರದ ಸೌಟಿಗೂ ಕೆಂಪು ದಾರ, ಚಾಕುವಿಗೂ, ತರಕಾರಿ ಹೆಚ್ಚುವ ಹಲಗೆಗೂ. ಹತ್ತಿರದಲ್ಲೇ ಮಣಿಸರದಂತೆ ಪೋಣಿಸಿದ ಒಣ ಅಣಬೆ ನೇತುಬಿದ್ದಿತ್ತು. ಮೂಸಿದೆ. ಆ ತಳದ ಘಮ ಅದೇ ಆಗಿತ್ತು. ಕೆಳಗೆ ಒಂದು ಗಾಜಿನ ಜಾಡಿ, ಒಳಗೆ ಜನವರಿಯಲ್ಲಿ ಹುಳಿಬರಿಸಲು ಇಟ್ಟು ಮರೆತ ಬೀಟ್‌ರೂಟ್ ನೀರು, ಮೇಲೆ ಬೂಷ್ಟು.

ಒಲೆಯ ಮೇಲಿನ ಗೋಡೆಗೆ ನಮ್ಮ ಮನೆಯ ಹಾಳೆ ಅಂಟಿಸಿತ್ತು. ಅತ್ತೆಯ ಹಂದಿ, ಅತ್ತೆಯ ಕೋಳಿ, ಮೀನು, ಮೊಟ್ಟೆ, ಎಲ್ಲದರ ಮೇಲೂ ಅಡ್ಡಗೆರೆ. ನಾನು ಕುಕ್ಕರ್ ಆರಿಸಲು ಎದ್ದುಹೋದ ಮೇಲೆ ಅವರು ಬರೆದ ಚಿತ್ರ ಎಲ್ಲಕ್ಕಿಂತ ಕೆಳಗಿತ್ತು: ಒಂದು ಮುಖ, ತೆರೆದ ಬಾಯಿ, ಬಾಯಿಗೆ ಹೋಗುತ್ತಿರುವ ಚಮಚ. ಅದರ ಮೇಲೂ ಅಡ್ಡಗೆರೆ.

ಅದರ ಪಕ್ಕ ಇನ್ನೊಂದು ಹಾಳೆ, ಅವಳ ಕೈಬರಹದಲ್ಲಿ. ಫೋನ್ ಹಿಡಿದೆ. ಅದು ಹೀಗೆ ಓದಿತು: ಶಿವಾಳ ಬೋರ್ಶ್. ಶುಕ್ರವಾರ. ರುಚಿ ನೋಡಬಾರದು. ಬೀಟ್‌ರೂಟ್ ನಾಲ್ಕು. ಅಣಬೆ ಏಳು, ರಾತ್ರಿ ನೆನೆಸಿ, ಆ ನೀರನ್ನು ಚೆಲ್ಲಬಾರದು. ಆರು ದಿನದ ಹುಳಿನೀರು ಎರಡು ಕಪ್, ಕೊನೆಯಲ್ಲಿ, ಕುದಿಸಬಾರದು. ಉಪ್ಪು ಎರಡು ಚಮಚ. ಆ ಎರಡನ್ನು ಹೊಡೆದು ಒಂದೂವರೆ ಎಂದು ಮಾಡಿತ್ತು. ಅಂಚಿನಲ್ಲಿ ಬೇರೆ ಬೇರೆ ಪೆನ್ನಿನ ಸಣ್ಣ ಅಕ್ಷರಗಳು. ಶಿವಾ ಅರ್ಧ ಬಿಟ್ಟಳು, ಹುಳಿ ಜಾಸ್ತಿ. ಶಿವಾ ಎರಡನೆಯ ಸಲ ಹಾಕಿಸಿಕೊಂಡಳು, ಇದೇ ಸರಿ, ಇನ್ನು ಬದಲಾಯಿಸಬಾರದು.

ಜನ್ಮದಲ್ಲಿ ಒಂದು ಅಡುಗೆ ಬರೆಯದವಳು ಇದೊಂದನ್ನು ಬರೆದಿದ್ದಳು. ನಾಲಿಗೆಗೆ ಇಡುವಂತಿಲ್ಲವಾದ್ದರಿಂದ ಅಳತೆ ಬೇಕಾಗಿತ್ತು. ಅಳತೆ ಸರಿಯೇ ಎಂದು ಅವಳು ನೋಡುತ್ತಿದ್ದುದು ಅತ್ತೆಯ ಮುಖದಲ್ಲಿ. ಫ್ರೀಜರಿನ ಮೂಳೆ ಅವಳ ಭಾನುವಾರಗಳದ್ದು, ಕೆಂಪು ದಾರದ ಪಾತ್ರೆಗೆ ಅದು ಸೋಕಿಯೇ ಇರಲಿಲ್ಲ. ನಾನು ಆ ಮೆಟ್ಟಿಲ ಮೇಲೆ ಕೂತು ಜೋರಾಗಿ ಅತ್ತುಬಿಟ್ಟೆ. ನನ್ನ ಮೇಲೆ ನನಗೆ ಅಷ್ಟು ಹೇಸಿಗೆ ಯಾವತ್ತೂ ಆಗಿರಲಿಲ್ಲ.

ಮನೆಗೆ ಬಂದು ಫೋಟೋಗಳನ್ನು ತೋರಿಸಿದೆ. ಅತ್ತೆ ಕೆಂಪು ದಾರ ನೋಡಿದರು, ತಮ್ಮ ಚಿತ್ರ ನೋಡಿದರು. ನನ್ನನ್ನು ಒಂದು ಮಾತು ಬೈಯಲಿಲ್ಲ. ಅಣಬೆ ನಡೆಯುತ್ತದಾ ಎಂದು ಹೆದರುತ್ತ ಕೇಳಿದೆ.

"ಮಳಿಗಾಲದಾಗ ನಮ್ಮ ಹೊಲದಾಗ ಏಳ್ತಿದ್ವು, ಹುಳ್ಳಾಗಡ್ಡಿ ಹಾಕಿ ಪಲ್ಯ ಮಾಡ್ತಿದ್ವಿ," ಎಂದರು. ಆಮೇಲೆ ಎದ್ದು ಸ್ವೆಟರ್ ಹಾಕಿಕೊಳ್ಳತೊಡಗಿದರು. "ನಡಿ. ಇವತ್ತ ಹೋಗೂಣು."

"ಅತ್ತೆ, ಹುಳಿನೀರು ಆಗೋಕೆ ಆರು ದಿನ ಬೇಕು. ಶುಕ್ರವಾರ ಸರಿಯಾಗಿ ಮಾಡ್ಕೊಂಡು ಹೋಗೋಣ."

"ಬರಿಗೈಲೆ ಹೋಗೂಣವಾ. ಆಕೀಗೆ ನಾವು ಹೋಗೂದು ಮುಖ್ಯ."

"ಮೂರು ವಾರ ತಪ್ಪಿಸ್ಕೊಂಡು ಈಗ ಬರಿಗೈಲಿ ಯಾವ ಮುಖ ಇಟ್ಕೊಂಡು ಹೋಗ್ಲಿ? ಈ ಸಲ ತಪ್ಪಾಗೋಕೆ ಬಿಡಲ್ಲ ನಾನು. ಆರೇ ದಿನ ಅತ್ತೆ."

ಅತ್ತೆ ಸ್ವೆಟರ್ ಬಿಚ್ಚಿದರು. ಕಾರು ಓಡಿಸುವವಳು ನಾನು.

ಶುಕ್ರವಾರದ ಬೋರ್ಶ್ ಮಾಡುವ ರೀತಿ ಸಿಕ್ಕಿತು ಎಂದು ಒಕ್ಸಾನಾಳಿಗೆ ಮೆಸೇಜು ಮಾಡಿದೆ. ಆದಷ್ಟು ಬೇಗ ಬನ್ನಿ ಎಂದು ಉತ್ತರ ಬಂತು. ಶುಕ್ರವಾರ ಖಂಡಿತ ಎಂದೆ. ಬೀಟ್‌ರೂಟ್ ಹೆಚ್ಚಿ, ಉಪ್ಪುನೀರು ತುಂಬಿ, ಜಾಡಿಯನ್ನು ಹೀಟರಿನ ಪಕ್ಕ ಇಟ್ಟೆ. ದಿನಕ್ಕೆ ನಾಲ್ಕು ಸಲ ಹೋಗಿ ನೋಡುತ್ತಿದ್ದೆ. ನೊರೆ ಬಂತು, ತೆಗೆದೆ. ಘಮ ಬಂತು. ಆರನೆಯ ದಿನ, ಗುರುವಾರ ಸಂಜೆ, ಹಲೀನಾಳ ಬೇಸ್‌ಮೆಂಟಿಗೇ ಹೋಗಿ, ಅವಳ ಒಲೆಯ ಮೇಲೆ, ಕೆಂಪು ದಾರದ ಪಾತ್ರೆಯಲ್ಲಿ, ಹಾಳೆಯ ಒಂದು ಅಕ್ಷರ ತಪ್ಪದೆ ಮಾಡಿದೆ. ರುಚಿ ನೋಡಲಿಲ್ಲ.

ಶುಕ್ರವಾರ ಬೆಳಿಗ್ಗೆ ಐದಕ್ಕೇ ಹೊರಟೆವು. ಮುನ್ನೂರು ಮೈಲಿ. ಬಿಗಿಯಾಗಿ ಮುಚ್ಚಳ ಕಟ್ಟಿದ ಪಾತ್ರೆ ಅತ್ತೆಯ ಕಾಲಿನ ಹತ್ತಿರ, ಎರಡು ಪಾದಗಳ ನಡುವೆ. ಅವರ ಗಡಿಯಾರದಲ್ಲಿ ಹತ್ತಾಗುವ ಹೊತ್ತಿಗೆ ಪ್ಲೇನ್‌ಫೀಲ್ಡ್‌ನ ಒಕ್ಸಾನಾಳ ಬಡಾವಣೆಯ ಒಳಗೆ ತಿರುಗಿದ್ದೆವು. ಸರಿಯಾದ ಹೊತ್ತಿಗೆ ತಂದೆನೆಂದು ನನಗೆ ಹೆಮ್ಮೆಯೂ ಆಯಿತು, ನಾಚಿಕೆಯಿಲ್ಲದೆ ಹೇಳುತ್ತೇನೆ.

ಬಾಗಿಲು ತೆರೆದ ಒಕ್ಸಾನಾ ಪಾತ್ರೆ ನೋಡಿದಳು. "ಬುಧವಾರದಿಂದ ನುಂಗೋದು ನಿಂತಿದೆ," ಎಂದಳು. "ಮಂಗಳವಾರ ಎದ್ದು ಕೂತಿದ್ದಳು. ಅರ್ಧ ಬಾಳೆಹಣ್ಣು ತಿಂದಳು. ನೀವು ಬರ್ತೀರಿ ಅಂತ ಹೇಳಿದ್ದೆ, ತಲೆ ಬಾಚಿಸಿಕೊಂಡಳು." ಮನೆಗೇ ಬರುವ ನರ್ಸ್ ಒಳಗಿದ್ದಳು. ಇನ್ನು ಕೆಲವೇ ದಿನ ಎಂದು ಹೇಳಿದ್ದಳಂತೆ.

ಹಾಸಿಗೆಯಲ್ಲಿದ್ದ ಹಲೀನಾ ಅರ್ಧವೂ ಉಳಿದಿರಲಿಲ್ಲ. ಅತ್ತೆ ಕುರ್ಚಿ ಎಳೆದುಕೊಂಡು ಕೂತು ಅವಳ ಕೈ ಹಿಡಿದರು. ಬೇಲಿಯ ಹತ್ತಿರ ನಿಂತು ಮಾತಾಡುವಂತೆಯೇ ಮಾತಾಡತೊಡಗಿದರು, ನಿನ್ನ ಹಿತ್ತಲದ ಹಿಮ ಕರಗೇತಿ, ಸಬ್ಬಸಗಿ ಬೀಜ ತಾವ ಬಿದ್ದು ಏಳ್ತಾವು, ನಾ ನೋಡ್ಕೋತೀನಿ ಎಂದು. ಸ್ವಲ್ಪ ಹೊತ್ತಾದ ಮೇಲೆ ನನ್ನ ಕಡೆ ತಿರುಗಿದರು.

"ಶರಣ್ಯಾ, ಆಕೀಗೆ ಹೇಳು. ಮೂರು ಶುಕ್ರವಾರ ನಾ ಯಾಕ ಫೋನಿಗೆ ಬರಲಿಲ್ಲ ಅಂತ ಹೇಳು. ಎಲುಬು ಹಾಕ್ಯಾಳ ಅಂತ ಅನುಮಾನ ಮಾಡಿದೆ, ತಪ್ಪಾತು ಅಂತ ಹೇಳು. ಒಂದ ಮಾತೂ ಬಿಡಬ್ಯಾಡ."

ಒಕ್ಸಾನಾಳಿಗೆ ಇಂಗ್ಲಿಷಿನಲ್ಲಿ ಎಲ್ಲ ಹೇಳಿದೆ. ಅನುಮಾನ ನನ್ನದು, ಅತ್ತೆ ನಂಬಿರಲಿಲ್ಲ, ನಾನೇ ನಂಬಿಸಿದೆ ಎಂದೆ. ಫ್ರೀಜರ್, ಮೂಳೆ, ನಾನು ಎತ್ತದ ಫೋನು, ಆರು ದಿನ ಕಾಯಿಸಿದ್ದು, ಒಂದೂ ಬಿಡಲಿಲ್ಲ. ಇದನ್ನು ಅವಳ ಭಾಷೆಯಲ್ಲಿ ಹೇಳು ಎಂದು ಕೇಳಿಕೊಂಡೆ. ಒಕ್ಸಾನಾ ನನ್ನ ಮುಖವನ್ನೇ ನೋಡುತ್ತ ಕೇಳಿದಳು. ಆಮೇಲೆ ಬಗ್ಗಿ ತಾಯಿಯ ಕಿವಿಯಲ್ಲಿ ಏನೋ ಹೇಳಿದಳು. ಬಹಳ ಚಿಕ್ಕದಾಗಿತ್ತು ಅದು. ಹಲೀನಾ ಕಣ್ಣು ತೆರೆದು ಅತ್ತೆಯನ್ನು ನೋಡಿದಳು. ಬೆರಳು ಅಲ್ಲಾಡಿತು.

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಬಟ್ಟಲದಾಗ ಒಂದೀಟು ಹಾಕ್ಕೊಂಡು ಬಾ," ಎಂದರು.

ಅಡುಗೆಮನೆಗೆ ಹೋದೆ. ಒಕ್ಸಾನಾ ಹಿಂದೆಯೇ ಬಂದಳು.

"ನೀವು ಹೇಳಿದ್ದನ್ನ ನಾನು ಅವಳಿಗೆ ಹೇಳಲಿಲ್ಲ," ಎಂದಳು ಮೆಲ್ಲಗೆ. "ಶಿವಾ ಬಂದಿದಾಳೆ, ಇವತ್ತು ಶುಕ್ರವಾರ, ಅಷ್ಟೇ ಹೇಳಿದೆ. ಮೂರು ವಾರ ನಮ್ಮಮ್ಮ ಏನು ಅಂದುಕೊಂಡಿದ್ದಳು ಗೊತ್ತಾ? ಶಿವಾಗೆ ಏನೋ ಆಗಿದೆ, ನೀವೆಲ್ಲ ಮುಚ್ಚಿಡ್ತಿದೀರಿ ಅಂತ. ನನ್ನನ್ನ ಚರ್ಚಿಗೆ ಕಳಿಸಿ ಶಿವಾಳ ಹೆಸರಲ್ಲಿ ಮೇಣದಬತ್ತಿ ಹಚ್ಚಿಸಿದಳು. ಈಗ ಅವಳಿಗೆ ಇದನ್ನ ಹೇಳಿ ಏನಾಗಬೇಕು? ಅದು ನಿಮ್ಮದು, ಶರಣ್ಯಾ. ನೀವೇ ಇಟ್ಕೊಳ್ಳಿ."

ಅವಳು ಕೂಗಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಬಿಸಿ ಮಾಡಿದ ಬೋರ್ಶನ್ನು ಬಟ್ಟಲಿಗೆ ಹಾಕಿಕೊಂಡು ಒಳಗೆ ಹೋದೆ. ಅತ್ತೆ ಬಟ್ಟಲನ್ನು ಎದೆಯ ಹತ್ತಿರ ಹಿಡಿದು, ಲಿಂಗಕ್ಕೆ ತೋರಿಸಿ ಕಣ್ಣುಮುಚ್ಚಿದರು. ತುಟಿ ಒದ್ದೆ ಮಾಡಲು ನರ್ಸ್ ಇಟ್ಟಿದ್ದ ಕಡ್ಡಿಯ ತುದಿಯ ಸ್ಪಂಜನ್ನು ಅದರಲ್ಲಿ ಅದ್ದಿ, ಹಿಂಡಿ, ಹಲೀನಾಳ ತುಟಿಗೆ ಸವರಿದರು. ನರ್ಸ್ ಬೇಡವೆನ್ನಲಿಲ್ಲ. ತುಟಿ ಕೆಂಪಾಯಿತು. ನಾಲಿಗೆ ಬಂದು ಮುಟ್ಟಿತೋ ಇಲ್ಲವೋ ನಾನು ನೋಡಲಿಲ್ಲ, ನನಗೆ ಅಲ್ಲಿ ನಿಲ್ಲಲು ಆಗಲಿಲ್ಲ.

ಒಕ್ಸಾನಾ ಮೇಜಿನ ಮೇಲೆ ನನಗೂ ಒಂದು ಬಟ್ಟಲು ಇಟ್ಟಿದ್ದಳು. ಆರು ಗಂಟೆ ಡ್ರೈವ್ ಮಾಡಿದೀರಿ, ತಿನ್ನಿ ಎಂದಳು. ಒಂದು ಚಮಚ ಬಾಯಿಗಿಟ್ಟೆ. ಅದೇ ರುಚಿ. ಹುಳಿ, ಸಿಹಿ, ನುಂಗಿದ ಮೇಲೆ ಬರುವ ಆ ಘಮ, ಒಂದು ಕೂದಲೆಳೆಯೂ ಆಚೀಚೆ ಆಗಿರಲಿಲ್ಲ. ಅವಳ ಕಣ್ಣೆದುರಿಗೇ ಬಟ್ಟಲು ಖಾಲಿ ಮಾಡಿದೆ.

ಸಂಜೆಗೆ ಮುಂಚೆ ಹಿಂದಿರುಗಿ ಹೊರಟೆವು. ಪಾತ್ರೆಯನ್ನು ಅಲ್ಲೇ ಬಿಟ್ಟಿದ್ದೆವು. ಇಂಡಿಯಾನಾ ದಾಟುವವರೆಗೂ ಅತ್ತೆ ಕಣ್ಣುಮುಚ್ಚಿ ಕೂತಿದ್ದರು. ನಿದ್ದೆ ಬಂದಿದೆ ಎಂದುಕೊಂಡಿದ್ದೆ.

"ಆಕಿ ಹೊಟ್ಟ್ಯಾಗ ಹಾಕ್ಕೊಂಡ್ಳವಾ," ಎಂದರು ಕಣ್ಣು ತೆರೆಯದೆ. "ಮಗಳು ಕಿವ್ಯಾಗ ಹೇಳಿದ ಕೂಡ್ಲೇ ಕಣ್ಣು ತೆರದು ನನ್ನ ನೋಡಿದ್ಲಲ್ಲ, ಸಿಟ್ಟ ಇರಲಿಲ್ಲ ಆ ಕಣ್ಣಾಗ. ಎಲ್ಲಾ ಕೇಳಿಸ್ಕೊಂಡು ಮಾಫ್ ಮಾಡಿದ್ಲು. ನನ್ನ ಎದಿಮ್ಯಾಲಿನ ಭಾರ ಇಳೀತು."

ನಾನು ರಸ್ತೆ ನೋಡುತ್ತಿದ್ದೆ.

"ನಿನಗೂ ಇಳೀತಿಲ್ಲೋ?"

"ಇಳೀತು ಅತ್ತೆ," ಎಂದೆ.